ಎಡೆಗೊಂದು ಮುಖ

ಜುಲೈ 28, ಸೋಮವಾರ
ಆಸ್ಪತ್ರೆಯ ನೆನಪಿನ ಪರೀಕ್ಷೆಗೆ ಇವತ್ತು ಒಂಬತ್ತು ಜನ. ಇಬ್ಬರು ಕ್ಯಾಮೆರಾ ಮುಂದಿನ ಸ್ಟ್ಯಾಂಡಿನ ಮೇಲೆ ಗದ್ದ ಊರಿದ ಕೂಡಲೇ ನಿದ್ದೆ. ಕಮಲಾಪುರದ ಅಜ್ಜನೊಬ್ಬ, "ಪೊರಿ ತೆಗಿಸೇನವ್ವ, ಇನ್ನೇನ್ ನೋಡ್ತಿ ಕಣ್ಣಾಗ?" ಅಂತ ನಾಲ್ಕು ಸಲ ಕೇಳಿದ. ನೋಡೋದು ನೆನಪು ಅಜ್ಜ, ಪೊರೆಯಲ್ಲ. ಹೇಳಿ ಹೇಳಿ ಬಾಯಿ ನೋಯಿತು.

ಪರದೆಯಲ್ಲಿ ಫೋಟೋ ಬರುತ್ತದೆ. ಮೊದಲೇ ಕಂಡದ್ದಾದರೆ ಕಣ್ಣಿನ ಪಾಪೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಕ್ಯಾಮೆರಾ ಅಳೆಯುತ್ತದೆ, ಗೆರೆ ಮೇಲೇಳುತ್ತದೆ. ಬರೆದುಕೊಳ್ಳೋದು ನನ್ನ ನೌಕರಿ.

ಮನೆಗೆ ಬಂದರೆ ಅವ್ವ ಗುರುತು ಸಿಗದೆ ನನ್ನನ್ನು "ನರ್ಸಮ್ಮ" ಅಂದಳು.

ಆಗಸ್ಟ್ 3, ಭಾನುವಾರ
ಕಂಪ್ಲಿಗೆ ಹೋಗಿದ್ದೆ. ಅಪ್ಪನ ಅಕ್ಕ, ದುರ್ಗಕ್ಕತ್ತೆಯ ಮನೆ. ನಡುಮನೆ ಗೋಡೆಯಲ್ಲಿ ನನ್ನ ತಮ್ಮ ಹಂಪೇಶನ ಫೋಟೋ. ನಾಲ್ಕು ವರ್ಷಕ್ಕೆ ಮೆದುಳು ಜ್ವರ... ಎರಡೇ ದಿನದಲ್ಲಿ ಹೋದ. ನನಗಾಗ ಆರು. ಅವನದು ಅಂತ ಇರುವುದು ಇದೊಂದೇ ಫೋಟೋ. ಅವ್ವ ಇದನ್ನು ನಮ್ಮ ಮನೆಗೆ ತರಗೊಡಲಿಲ್ಲ. ಕಂಪ್ಲಿಗೆ ಬಂದರೂ ಹಿತ್ತಲಲ್ಲೇ ಕೂರುತ್ತಿದ್ದಳು. ಸಂಕಟ, ನೋಡಲಾರಳು ಅಂದುಕೊಂಡಿದ್ದೆ.

ನಾನು ಮಾತ್ರ ರಜೆ ಬಂದಾಗಲೆಲ್ಲ ಅದರ ಮುಂದೆ. ಹಂಪಿಯ ಹರಿಗೋಲು ಚೆನ್ನಾಗಿ ನೆನಪಿದೆ. ಇದೇ ಪಟ್ಟೆ ಅಂಗಿ, ನನ್ನ ತೊಡೆ ಮೇಲೆ, ನೀರು ಸಿಡಿದಾಗಲೆಲ್ಲ ನಗು. ಇದೇ ದುಂಡು ಮುಖ.

ಅವ್ವ ಅವನ ಹೆಸರೆತ್ತಿ ಎರಡು ವರ್ಷವಾಯಿತು. ನನ್ನನ್ನು ಮರೆತರೆ ಮರೆಯಲಿ. ಅವನನ್ನೂ ಮರೆತಳಾ? ಅದೊಂದು ಗೊತ್ತಾಗಬೇಕು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಆಗಸ್ಟ್ 11
ಪ್ರಾಜೆಕ್ಟಿನ ಮುರುಗೇಶ್ ಸರ್ ಒಪ್ಪಿದರು. ಅವ್ವನನ್ನು ಕೂರಿಸಿದೆ. ಇಪ್ಪತ್ತು ಫೋಟೋ, ಹೆಚ್ಚಿನವು ಗುರುತಿಲ್ಲದವರದು. ಅಪ್ಪ ಬಂದ, ಸಂಡೂರಿನ ಅದಿರು ಲಾರಿಗೆ ಒರಗಿ ನಿಂತವನು — ಗೆರೆ ಎದ್ದಿತು. ಹಳೇ ಮನೆ ಬಾಗಿಲು — ಎದ್ದಿತು. ಹಂಪೇಶ — ಸಪಾಟು. ಮೂರು ಸಲ ತೋರಿಸಿದೆ. ಮೂರು ಸಲವೂ ಸಪಾಟು.

ಮಷಿನ್ ಕೆಟ್ಟಿರಬೇಕು ಅಂತ ನಾನೇ ಕೂತೆ. ಅವನ ಮುಖ ಬಂದದ್ದೇ ತಡ, ನನ್ನ ಗೆರೆ ಜಿಗಿಯಿತು. ಮಷಿನ್ ಸರಿ ಇದೆ.

ಆಟೋದಲ್ಲಿ ತಡೆಯಲಿಲ್ಲ. "ಹೆತ್ತ ಮಗನ್ನ ಮರ್ತಿಯಲ್ಲ ಬೇ! ಎಂಥ ತಾಯಿ ನೀನು!" ಡ್ರೈವರ್ ತಿರುಗಿ ನೋಡಿದ. ಅವ್ವ ಸೆರಗು ಸರಿಮಾಡಿಕೊಂಡಳು. "ಊಟ ಆತೇನ್ರಿ ನಿಮ್ದು?"

ಆಗಸ್ಟ್ 12
ಅವ್ವನ ತಲೆ ಬಾಚಲಿಲ್ಲ. ಸಿಟ್ಟು.

ಆಗಸ್ಟ್ 24, ಭಾನುವಾರ
ಮತ್ತೆ ಕಂಪ್ಲಿ. ಯಾರ ಹತ್ತಿರವಾದರೂ ಹೇಳಿಕೊಂಡು ಅಳಬೇಕಿತ್ತು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೇಳುತ್ತಾ ಕೇಳುತ್ತಾ ಕೈ ನಿಂತಿತು.

"ನಿಮ್ಮವ್ವಗ ಬೈಬ್ಯಾಡ ಗಂಗವ್ವ. ಆ ಫೋಟೋದಾಗಿರಾಂವ ಹಂಪೇಶ ಅಲ್ಲ."

"ಮತ್ಯಾರು?"

"ಅವಂದು ಒಂದೂ ಫೋಟೋ ಇರ್ಲಿಲ್ಲ. ಅಮಾಸಿಗೆ ಹಿರೇರ ಜೋಡಿ ಅವಗೂ ಎಡಿ ಇಡಬೇಕು, ಎಡಿಗೊಂದು ಮಾರಿ ಬೇಕಲ್ಲ? ನಿಮ್ಮಪ್ಪ ಹಂಪೇಶನ ಅಂಗಿ ತಗಂಡು ಸ್ಟುಡಿಯೋಕ ಹ್ವಾದ. ಬಾಜೂಕ ಚಾದಂಗಡಿಯವರ ಮಗ ಅಷ್ಟ ಎತ್ತರ ಇದ್ದ. ಅವಗ ಅಂಗಿ ಹಾಕ್ಸಿ ಹೊಡ್ಸಿಕಂಡು ಬಂದ. ನಿಮ್ಮವ್ವ ಒಂದ ಸಲ ನೋಡಿದ್ಲು. 'ಯಾರ ಮಗಾನೋ ಇವ, ನನ್ನ ಮನಿಗೆ ತರಬ್ಯಾಡ್ರಿ' ಅಂದ್ಲು. ನೀನು ಸಣ್ಣಾಕಿ, ತಮ್ಮ ತಮ್ಮ ಅಂತ ಮಾತಾಡಿಸ್ತಿದ್ದಿ. ಹೆಂಗ ಹೇಳೂದು?"

ಬಸ್ಸಿನಲ್ಲಿ ಕೂತು ಹರಿಗೋಲನ್ನು ನೆನೆದೆ. ಅಂಗಿ ನಿಜ. ನೀರು ನಿಜ ಇರಬಹುದು. ಅಂಗಿಯ ಮೇಲಿನ ಮುಖ ಚಹಾದಂಗಡಿ ಹುಡುಗನದು. ಅದನ್ನು ಒರೆಸಿ ಹಾಕಿದರೆ ಕೆಳಗೆ ಏನೂ ಇಲ್ಲ. ಮೂವತ್ತಮೂರು ವರ್ಷ ಬೇರೆಯವರ ಮಗನನ್ನು ನೋಡಿ ಅತ್ತಿದ್ದೇನೆ. ತಮ್ಮನನ್ನು ಮರೆತವಳು ನಾನು. ಬೈಸಿಕೊಂಡವಳು ಅವ್ವ.

ಆಗಸ್ಟ್ 25
ಸರ್‌ಗೆ ಎಲ್ಲ ಹೇಳಿದೆ. ನನ್ನ ಪಾಪೆ ಯಾಕೆ ಹಿಗ್ಗಿತು ಹಾಗಾದರೆ?

"ಪಾಪೆ ಖರೇ ಹೇಳಂಗಿಲ್ರೀ ಗಂಗೋತ್ರಿ. ತನಗೆ ಯಾವುದು ಗುರ್ತು ಅನ್ನಿಸ್ತೈತೋ ಅದನ್ನ ಹೇಳ್ತೈತಿ. ಸುಳ್ಳು ನೆನಪಿಗೂ ಹಿಗ್ಗತೈತಿ." ಪರದೆ ಆರಿಸುತ್ತಾ, "ಮುಖ ಇಲ್ಲಂದ್ರ ಹೆಸರು ಕೇಳಿಸಿ ನೋಡೋಣು" ಅಂದರು.

ಆಗಸ್ಟ್ 29
ಅವ್ವನನ್ನು ಮತ್ತೆ ಕೂರಿಸಿದೆ. ಪರದೆ ಬರೀ ಬೂದು. ನನ್ನ ದನಿಯಲ್ಲಿ ಹತ್ತು ಹೆಸರು, ಹೆಚ್ಚಿನವು ಗುರುತಿಲ್ಲದವರವು. ಕಾಳಪ್ಪ — ಸಪಾಟು. ಲಿಂಗರಾಜ್ — ಸಪಾಟು. ಹಂಪೇಶ...

ಎದ್ದಿತು. ಅಪ್ಪನ ಫೋಟೋಕ್ಕಿಂತ ಎತ್ತರ.

ಮೇಜಿಗೆ ತಲೆ ಇಟ್ಟು ಅತ್ತುಬಿಟ್ಟೆ. ಸರ್ ಹೊರಗೆ ಹೋದರು. ಅವ್ವನ ಕಾಲು ಹಿಡಿದೆ. "ಏಳವ್ವ, ನೆಲ ತಣ್ಣಗೈತಿ" ಅಂದಳು. ಯಾರಿಗೆ ಅಂದಳೋ.

ಅವನ ಮುಖ ಈಗ ಇರುವುದು ಒಂದೇ ಕಡೆ, ಅವ್ವನ ತಲೆಯೊಳಗೆ. ಅಲ್ಲಿಗೆ ಯಾವ ಕ್ಯಾಮೆರಾನೂ ಹೋಗಲ್ಲ. ಕೇಳಬೇಕು. ಜಲ್ದಿ ಕೇಳಬೇಕು.

ಸೆಪ್ಟೆಂಬರ್ 4
ಬೆಳಿಗ್ಗೆ ತಲೆ ಬಾಚುವಾಗ ಅವ್ವನಿಗೆ ಹಳೇ ಮಾತು ಬರುತ್ತದೆ. ಎಣ್ಣೆ ಹಚ್ಚುತ್ತಾ ಕೇಳಿದೆ, ಹಂಪೇಶ ಹೆಂಗಿದ್ದ ಬೇ?

"ಕಿವಿ ಇಷ್ಟಗಲ. ಗಾಳಿ ಬಿಟ್ರ ಹಾರಿ ಹೋಕ್ಕಾನ ಅಂತಿದ್ರು ಅವರಪ್ಪ." ನಕ್ಕಳು. ನಾನೂ ನಕ್ಕೆ.

ಸೆಪ್ಟೆಂಬರ್ 9
ಹುಬ್ಬು ಕೂಡಿದ್ದವಂತೆ. ಬೆರಳಿನಿಂದ ನನ್ನ ಹಣೆ ಮೇಲೆ ಗೆರೆ ಎಳೆದು ತೋರಿಸಿದಳು.

ಸೆಪ್ಟೆಂಬರ್ 13
ಮುಂದಿನ ಹಲ್ಲು ಅರ್ಧ ಮುರಿದಿತ್ತು. ಒರಳುಕಲ್ಲಿಗೆ ಬಡಿದು. ಆಸೆ ಹೆಚ್ಚಾಯಿತು ನನಗೆ. ಕಣ್ಣು ಹೆಂಗಿದ್ವು ಅಂದೆ.

"ನಾಳಿಗೆ ಹೇಳ್ತೀನಿ ಲೇ ಗಂಗಿ. ಮೊದಲು ಜಡಿ ಹಾಕು."

ಗಂಗಿ ಅಂದಳು. ಎಷ್ಟು ದಿನದ ಮೇಲೆ.

ಸೆಪ್ಟೆಂಬರ್ 21, ಅಮಾವಾಸ್ಯೆ
ಹದಿನಾಲ್ಕನೇ ತಾರೀಖಿನಿಂದ ಅವ್ವನಿಗೆ ಮಾತಿಲ್ಲ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ, ಇನ್ನು ಮಾತು ಬರುವುದು ಕಷ್ಟ ಅಂದರು ಡಾಕ್ಟರು. ಮೊನ್ನೆ ಮನೆಗೆ ಕರೆತಂದೆ.

ಅತ್ತೆ ಫೋಟೋ ಹಿಡಿದು ಬಂದಿದ್ದಳು. ಬ್ಯಾಡತ್ತಿ ಅಂದೆ. ಗೋಡೆಗೆ ಏನೂ ಒರಗಿಸದೆ ಎಡೆ ಇಟ್ಟೆ. ಹೋಳಿಗೆ, ಅನ್ನ, ಸಾರು.

ಅವ್ವನ ತಲೆ ಬಾಚಿದೆ. ಕಿವಿ ಹತ್ತಿರ ಬಗ್ಗಿ ಹಂಪೇಶ ಅಂದೆ. ಮಷಿನ್ ಇಲ್ಲ ಇಲ್ಲಿ. ಬರಿಗಣ್ಣಿಗೆ ಏನು ಕಾಣುತ್ತದೆ.

ಕೈಲಿರುವುದನ್ನು ಬರೆದಿಡುತ್ತೇನೆ. ಅಗಲ ಕಿವಿ. ಕೂಡಿದ ಹುಬ್ಬು. ಅರ್ಧ ಮುರಿದ ಹಲ್ಲು. ಕಣ್ಣು —