ತಣ್ಣಗಿದ್ದಾಗ ಸರಿಯಾಗೇ ಇದೆ

ಫೆ. 6, ಶುಕ್ರವಾರ. ಸಂಜೆ
ಅಪ್ಪನ ಹಳೇ ಕಾರು. ಮತ್ತೆ ಎರಡನೇ ಸಿಲಿಂಡರೇ ಮಿಸ್ಸಿಂಗ್, ಸರಿಯಾಗಿ ಉರೀತಿಲ್ಲ. ಅದರ ಕಿಡಿ ಕೊಡೋ ಕಾಯಿಲ್ ತೆಗೆದು ಮೂರನೇದಕ್ಕೆ ಹಾಕ್ದೆ. ಮಿಸ್ಸಿಂಗ್ ಜೊತೆಗೆ ಹೋಗ್ಲಿಲ್ಲ, ಎರಡರಲ್ಲೇ ಉಳೀತು. ಪ್ಲಗ್ ಬದಲಾಯಿಸ್ದೆ. ಇಂಜೆಕ್ಟರ್ ಅದಲುಬದಲು ಮಾಡ್ದೆ. ಅಲ್ಲೇ.
ಕಾಲೇಜಲ್ಲಿ ಇನ್ನೂ ಇಂಜಿನ್ನೇ ಮುಟ್ಟಿಸಿಲ್ಲ. ಫಸ್ಟ್ ಇಯರ್ ಆಟೋಮೊಬೈಲ್ ಅಂದ್ರೆ ಬರೀ ಡ್ರಾಯಿಂಗು. ಸ್ಕ್ಯಾನರು, ಕಂಪ್ರೆಶನ್ ಗೇಜು ಎರಡೂ ಸೀನಿಯರ್ ಅಂಜನ್ ಕುಮಾರ್‌ದು. ಉಳಿದಿದ್ದೆಲ್ಲ ಯೂಟ್ಯೂಬು.
ಅಪ್ಪ ಸಿಮೆಂಟ್ ಅಂಗಡಿ ಮುಚ್ಚಿ ಬಂದು ನಿಂತು ನೋಡಿದ್ರು. "ಏನಮ್ಮ ಇಂಗ್ಲೀಷಮ್ಮ, ರಸ್ತೆಗೋ ಗುಜರಿಗೋ?"
ಗೊತ್ತಿಲ್ಲ ಅನ್ನೋಕೆ ಭಯ. ನಾಳೆ ಹೇಳ್ತೀನಿ ಅಂದೆ.

ಫೆ. 7
ಸಿಕ್ತು!
ತಣ್ಣಗಿದ್ದಾಗ ಕಂಪ್ರೆಶನ್, ಅಂದ್ರೆ ಒಳಗಿನ ಒತ್ತಡ, ನಾಲ್ಕರಲ್ಲೂ ಸಮ. ಅಣ್ಣನ ಜೊತೆ ಪಾವಗಡ ರೋಡಿನ ಏರಿಗೆ ಹೋದೆ. ಇಂಜಿನ್ ಬಿಸಿಯಾಗ್ತಿದ್ದಂಗೆ ಗಾಡಿ ನಡುಗೋಕೆ ಶುರು, ಎಳೆಯೋದೇ ಇಲ್ಲ, ಡ್ಯಾಶ್‌ಬೋರ್ಡಲ್ಲಿ ಇಂಜಿನ್ ದೀಪ ಮಿಟುಕ್ತು. ಅಲ್ಲೇ ನಿಲ್ಲಿಸಿ ಮತ್ತೆ ಗೇಜ್ ಹಾಕ್ದೆ — ಎರಡರಲ್ಲಿ ಅರ್ಧಾನೂ ಇಲ್ಲ. ಒಳಗೆ ಸ್ವಲ್ಪ ಆಯಿಲ್ ಬಿಟ್ಟು ನೋಡ್ದೆ. ಕಂಪ್ರೆಶನ್ ಏರ್ಲಿಲ್ಲ. ರಿಂಗ್ ಅಲ್ಲ, ವಾಲ್ವ್. ವರ್ಷಗಟ್ಟಲೆ ಗ್ಯಾಸಲ್ಲಿ ಓಡ್ಸಿದ್ದಕ್ಕೆ. ಬಿಸಿಯಾದ್ರೆ ಪೂರ್ತಿ ಮುಚ್ಚಲ್ಲ. ಇಂಜಿನ್ ಹೆಡ್ ಬಿಚ್ಚಲೇಬೇಕು, ದೊಡ್ಡ ಖರ್ಚು.
ಅಪ್ಪ ಕುರ್ಚಿ ಎಳ್ಕೊಂಡು ಕೂತು ಪೂರ್ತಿ ಕೇಳಿದ್ರು. ನಾನು ಐದನೇ ಕ್ಲಾಸಿಂದ ಹಾಸ್ಟೆಲ್. ರಜೇಲಿ ಬಂದ್ರೆ ಮಾರ್ಕ್ಸ್ ಕೇಳೋರು, ಎದ್ದು ಹೋಗೋರು. ಇವತ್ತೇ ಹಿಂಗೆ.
"ಅಂಗಾದ್ರೆ ತಣ್ಣಗಿದ್ದಾಗ ಏನೂ ಗೊತ್ತಾಗಲ್ಲ?"
"ಇಲ್ಲ."
"ಆ ದೀಪ?"
"ಸ್ಕ್ಯಾನರಲ್ಲಿ ಅಳಿಸಿದ್ರೆ ಹೋಗುತ್ತೆ."
"ಊರೊಳಗೆ ಒಂದು ರೌಂಡ್ ಹೊಡುದ್ರೆ ಮತ್ತೆ ಬತ್ತದಾ?"
"ಬರಲ್ಲ. ಬಿಸಿಯಾಗಿ ಏರು ಹತ್ಬೇಕು."
ವೈವಾ ಥರ. ಕೇಳ್ತಾ ಹೋದ್ರು, ಹೇಳ್ತಾ ಹೋದೆ. ಎಲ್ಲಾ ಕರೆಕ್ಟು. ತಲೆ ಸವರಿದ್ರು. "ಓದ್ಸಿದ್ದು ದಂಡ ಆಗ್ಲಿಲ್ಲ ಬುಡು."

ಫೆ. 8
ಯಾಕೆ ಕೇಳಿದ್ರು ಅಂತ ಅಮ್ಮನಿಂದ ಗೊತ್ತಾಯ್ತು. ಗಾಡಿ ಪುಷ್ಪಾವತಿ ಅತ್ತೆಗೆ. ಅಪ್ಪನ ತಂಗಿ, ನಿಡುಗಲ್‌ನೋರು. ತಾತನ ಶಿರಾ ರೋಡಿನ ಸೈಟಲ್ಲಿ ಅವರಿಗೂ ಪಾಲಿದೆ. ಪಾಲು ಬಿಟ್ಟೆ ಅಂತ ಅತ್ತೆ ಸೈನ್ ಹಾಕೋದು, ಬದಲಿಗೆ ಅಪ್ಪ ಗಾಡಿ ಕೊಡೋದು. ಅತ್ತೆ ಮಗ ಮಲ್ಲೇಶನಿಗೆ ಸೋಲಾರ್ ಪಾರ್ಕಿನ ಇಂಜಿನಿಯರ್‌ಗಳನ್ನ ಓಡಾಡ್ಸೋ ಡ್ಯೂಟಿ ಸಿಕ್ಕಿದೆ — ಸ್ವಂತ ಗಾಡಿ ಇದ್ರೆ ಮಾತ್ರ.
ಹಾಸ್ಟೆಲ್ಲಿಗೆ ವಿಸಿಟಿಂಗ್ ಡೇ ಬರ್ತಿದ್ದಿದ್ದು ಅತ್ತೆ ಒಬ್ರೇ. ಕಡ್ಲೆಬೀಜದ ಉಂಡೆ ಕಟ್ಕೊಂಡು, ಎರಡು ಬಸ್ಸು ಹತ್ತಿ.
"ಅಪ್ಪಾ, ಅತ್ತೆಗೆ ವಾಲ್ವ್ ವಿಷ್ಯ..."
"ನೀನೇ ತಾನೆ ಅಂದಿದ್ದು, ತಣ್ಣಗಿದ್ದಾಗ ಸರಿಯಾಗೈತೆ ಅಂತ."
ರುದ್ರಮುನಿ ಅಣ್ಣ ನಕ್ಕ. "ಬುಡಪ್ಪ, ಈಗ ಇವಳ ತಲೆ ಮಿಸ್ಸಿಂಗ್ ಹೊಡೀತೈತೆ."
ಆಮೇಲೆ ಅಪ್ಪ ಸುಮ್ನೆ ಕೇಳಿದ್ರು, "ಸೆಮ್ ಫೀಸಿಗೆ ಲಾಸ್ಟ್ ಡೇಟ್ ಯಾವತ್ತಮ್ಮ?"

ಫೆ. 12, ಗುರುವಾರ
ಅಪ್ಪ ಕ್ಲಾಸ್ ಬಂಕ್ ಮಾಡಿಸಿ ಕರೆಸ್ಕೊಂಡ್ರು. ಬೆಳಿಗ್ಗೆ ಎದ್ದವಳೇ ದೀಪ ಅಳಿಸ್ದೆ. ಬಾನೆಟ್ ಮೇಲೆ ಇಬ್ಬನಿ. ಅತ್ತೆ, ಮಲ್ಲೇಶ ಮೊದಲ ಬಸ್ಸಿಗೇ ಬಂದ್ರು. ಮಲ್ಲೇಶ ಬಸ್ ಸ್ಟ್ಯಾಂಡ್‌ವರೆಗೂ ಓಡಿಸ್ಕೊಂಡು ಬಂದು ಅವರಮ್ಮನಿಗೆ "ಬೆಣ್ಣೆ ಕಣಮ್ಮೋ" ಅಂದ.
ಅತ್ತೆ ನನ್ನ ಕೆನ್ನೆ ಹಿಡ್ಕೊಂಡ್ರು. "ಲೋಹಿ, ಅಣ್ಣಯ್ಯನ್ನ ಕೇಳಲ್ಲ, ನಿನ್ನ ಕೇಳ್ತೀನಿ. ಗಾಡಿ ಸರಿಯಾಗೈತಾ? ನೀ ಹೂಂ ಅಂದ್ರೆ ಸೈನ್ ಹಾಕ್ತೀನಿ. ಇಲ್ದಿದ್ರೆ ಇಂಗೇ ಬಸ್ಸು ಹತ್ತುತೀನಿ."
ಅಪ್ಪ ಅಂಗಿ ಗುಂಡಿ ಹಾಕ್ಕೊಳ್ತಾ ನಿಂತಿದ್ರು.
"ಈಗ ಸರಿಯಾಗೇ ಇದೆ ಅತ್ತೆ."
ಟೆಕ್ನಿಕಲಿ ಸುಳ್ಳಲ್ಲ.
ಅತ್ತೆ ಹೋಗಿ ಸೈನ್ ಹಾಕಿದ್ರು.

ಅದೇ ದಿನ, ಮಧ್ಯಾಹ್ನ
ಅತ್ತೆ ಫೋನು. ಅಪ್ಪನಿಗಲ್ಲ, ನನಗೆ. ಊರು ಮುಟ್ಟೋ ಮುಂಚೆ ಏರಲ್ಲಿ ಗಾಡಿ ಕುಂಟ್ತಿದೆ, ಎಳೀತಿಲ್ಲ, ಏನೋ ದೀಪ ಮಿಟುಕ್ತಿದೆ. "ನೀನೇ ಹೇಳಮ್ಮ, ಏನಾಗೈತೆ?"
ಅಪ್ಪ ಎದುರಿಗೇ ಊಟಕ್ಕೆ ಕೂತಿದ್ರು. ಶಬ್ದ ಇಲ್ದೆ ತುಟಿಯಲ್ಲೇ ಅಂದ್ರು — ಪೆಟ್ರೋಲ್.
"ಪೆಟ್ರೋಲಲ್ಲಿ ನೀರು ಸೇರಿರ್ಬೇಕು ಅತ್ತೆ. ಟ್ಯಾಂಕ್ ಖಾಲಿ ಮಾಡ್ಸಿ."
"ಅಷ್ಟೇನಾ. ಸದ್ಯ, ನೀನಿದ್ದೀಯ."
ಅಪ್ಪ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕ್ಸಿದ್ರು.

ಮಾ. 9. ಹಾಸ್ಟೆಲ್
ಟ್ಯಾಂಕ್ ಆಯ್ತು. ಪ್ಲಗ್ ಆಯ್ತು. ಕಾಯಿಲ್, ಇಂಜೆಕ್ಟರ್ ಎಲ್ಲಾ ಹೊಸದು. ಒಂದೊಂದೂ ನಾನೇ ಫೋನಲ್ಲಿ ಹೇಳಿ ಹಾಕ್ಸಿದ್ದು. ತೆಗೆಸಿದ್ದು ಒಂದೊಂದೂ ಚೆನ್ನಾಗಿದ್ದ ಪಾರ್ಟು. ಫೀಸ್ ಕಟ್ಟಿಯಾಗಿದೆ.
ಇವತ್ತು ಮಲ್ಲೇಶ ಮೆಸೇಜ್ ಹಾಕಿದಾನೆ. ಇಂಜಿನಿಯರ್‌ಗಳು ಮಧ್ಯದಾರೀಲಿ ಬಿಸಿಲಲ್ಲಿ ಇಳಿದು ನಿಂತ್ರಂತೆ, ಡ್ಯೂಟಿ ಹೋಯ್ತಂತೆ. ಕೆಳಗೆ ಒಂದು ಫೋಟೋ. ಬಿಚ್ಚಿದ ಹೆಡ್ಡು, ಅಂಚು ಸುಟ್ಟ ವಾಲ್ವು. ಫೋಟೋಗೆ ಏನೂ ಬರೆದಿಲ್ಲ.
ಅವನ ಕಡೆ ನೀಲಿ ಟಿಕ್ ಬಿದ್ದಿರುತ್ತೆ. ರಿಪ್ಲೈ ಮಾಡಿಲ್ಲ.

ಏ. 5, ಭಾನುವಾರ
ಅಪ್ಪ ಬರ್ಬೇಕು ಅಂದಿದ್ರು, ಬಂದೆ. ನಾಳೆ ರಿಜಿಸ್ಟ್ರಾರ್ ಆಫೀಸಂತೆ. ಸೈಟು ಅಣ್ಣನ ಹೆಸರಿಗೆ ಆಗ್ಬೇಕಾದ್ರೆ ಮಗಳೂ ಪಾಲು ಬಿಡ್ಬೇಕಂತೆ.
"ನನ್ನ ಪಾಲಾ?"
"ಇನ್ಯಾರ್ದು? ನಿಂಗೂ ಹದಿನೆಂಟು ತುಂಬ್ತಲ್ಲ."
"ನಂಗೆ..."
"ಓದುಸ್ತಿಲ್ವಾ?"
ಹಿತ್ತಿಲಿಗೆ ಹೋಗಿ ಅತ್ತೆಗೆ ಫೋನ್ ಮಾಡ್ದೆ. ಬೇರೆ ಯಾರನ್ನ ಕೇಳ್ಲಿ. ಎತ್ತಿದ್ರು.
"ಅತ್ತೆ, ಅಪ್ಪ ನನ್ನ ಸೈನೂ ಕೇಳ್ತಿದಾರೆ. ಹಾಕ್ಲಾ?"
"ನಿಂಗೇನು ಕೊಡ್ತಾನಂತೆ?"
"ಏನೂ ಇಲ್ಲ."
ಅತ್ತೆ ನಕ್ರು. ಅವರ ನಗು ಹಿಂಗಿರುತ್ತೆ ಅಂತ ಗೊತ್ತಿರ್ಲಿಲ್ಲ. "ನಂಗೆ ಗಾಡಿನಾದ್ರೂ ಕೊಟ್ಟ ಕಣಮ್ಮ."
ಕಟ್ ಮಾಡಿದ್ರು.

ಏ. 6. ಆಫೀಸಿನ ಬೆಂಚು
ಇಲ್ಲ ಅಂತೀನಿ. ಆಫೀಸರು ಕೇಳ್ತಾರಂತೆ, ಒಪ್ಪಿಗೆ ಇದೆಯಾ ಅಂತ. ಇಲ್ಲ ಸಾರ್. ಎರಡೇ ಪದ. ದಾರಿಯುದ್ದಕ್ಕೂ ಬಾಯಲ್ಲಿ ಹೇಳ್ಕೊಂಡು ಬಂದಿದೀನಿ. ನಮ್ಮ ಹೆಸರು ಕೂಗಿದ್ರು. ಅಣ್ಣ ಎದ್ದ. ಅಪ್ಪ ಜೇಬು ತಡಕ್ತಿದಾರೆ, ಪೆನ್ನು ತಂದಿಲ್ಲ. ನನ್ನ ಕಡೆ ಕೈ ಚಾಚಿದಾರೆ, ನಾನು ಬರೀತಿರೋ ಇದೇ ಪೆನ್ನು —