ಕೌಬಾಯ್ ಪಿಕ್ಚರಿನ ಅನಿಸಿಕೆ ಪುಸ್ತಕ

7 ಫೆಬ್ರವರಿ 2025, ಶುಕ್ರವಾರ. ಗುಂಡ್ಲುಪೇಟೆ

ಶಾಲೆಯ ಆಫೀಸು. ಟಿ.ಸಿ. ನಾಲ್ಕು ಬರೆದೆ. ಮಧ್ಯಾಹ್ನ ಊಟ ಮಾಡಿದೆ. ಏನು ಎಂದು ನೆನಪಿಲ್ಲ. ಸಂಜೆ ಹೆಂಡತಿ ವನಿತಾ ಡಬ್ಬಿ ತೊಳೆಯುತ್ತಾ, "ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ. ಗೊತ್ತಾಗ್ಲಿಲ್ವಾ ನಿಮ್ಗೆ?" ಎಂದಳು. ಇಲ್ಲ ಎಂದೆ.

ವಿಜ್ಞಾನದ ಮೇಷ್ಟ್ರು ಸುನೀಲ್ ಕುಮಾರ್ ಟೇಬಲ್ ಹತ್ತಿರ ಬಂದಿದ್ದರು. ಭಾನುವಾರ ಶಾಲೆಯ ಹಾಲ್‌ನಲ್ಲಿ ಹಳೇ ಕೌಬಾಯ್ ಪಿಕ್ಚರ್ ಹಾಕುತ್ತಾರಂತೆ. ಬೀದಿಯವರಿಗೆಲ್ಲ ಫ್ರೀ. "ನಿಂಗರಾಜು ಸಾರ್, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಜನ ಏನೇನು ಹೇಳ್ತಾರೋ ಹಾಗೇ ಬರ್ಕೊಡಿ. ಬೋರ್ಡಿಗೆ ಹಾಕ್ತೀನಿ."

ಆಯ್ತು ಎಂದೆ. ಈಗ ಎಲ್ಲದಕ್ಕೂ ಆಯ್ತು.

9 ಫೆಬ್ರವರಿ, ಭಾನುವಾರ. ಸಂಜೆ 7

ಮೂವತ್ತು ಜನ. ಕಪ್ಪು ಬಿಳುಪು. ಇಂಗ್ಲಿಷ್. ಮೇಷ್ಟ್ರು ಮಧ್ಯೆ ನಿಲ್ಲಿಸಿ ಕಥೆ ಹೇಳುತ್ತಿದ್ದರು. ಕುದುರೆ, ಧೂಳು, ಒಂದೇ ಬೀದಿಯ ಊರು. ಊರ ಕಾವಲಿಗೆ ಒಬ್ಬ ಹೀರೋ. ಕೊನೆಯಲ್ಲಿ ಕೊಟ್ಟಿಗೆ ಹಿಂದೆ ಒಬ್ಬ ಹುಡುಗ ಎದುರಾಗುತ್ತಾನೆ. ಹೀರೋ ಹೊಡೆದುಬಿಡುತ್ತಾನೆ. ಹತ್ತಿರ ಹೋಗಿ ನೋಡಿದರೆ ಹುಡುಗನ ಬಂದೂಕಿನಲ್ಲಿ ಗುಂಡೇ ಇಲ್ಲ. ಹೀರೋ ಆ ಕಡೆ ಈ ಕಡೆ ನೋಡುತ್ತಾನೆ. ತನ್ನ ಬೆಲ್ಟಿನಿಂದ ಗುಂಡು ತೆಗೆದು ಹುಡುಗನ ಬಂದೂಕಿಗೆ ತುಂಬಿ, ಸತ್ತವನ ಕೈಗೆ ಇಡುತ್ತಾನೆ. ಬೆಳಗ್ಗೆ ಊರೆಲ್ಲ ಚಪ್ಪಾಳೆ. ಕುದುರೆ ಹತ್ತಿ ಹೊರಟುಹೋಗುತ್ತಾನೆ.

ಬರೆದುಕೊಂಡದ್ದು:

ಈರುಳ್ಳಿ ಮಂಡಿಯ ದೊಡ್ಡಮಲ್ಲಪ್ಪ: "ಅವ್ನು ಮಾಡಿದ್ದೇ ಸರಿ. ತಡ ಮಾಡಿದ್ರೆ ಅವನ್ನೇ ಹೊಡ್ದಾಕೋರು. ಕುದುರೆ ಮಾತ್ರ ಏನ್ ಕುದುರೆ ಕಣ್ರೀ!"

ಲಾರಿ ಡ್ರೈವರ್ ಮುದ್ದಯ್ಯ: "ಗುಂಡಿಲ್ದಿರೋ ಕೋವಿ ಹಿಡ್ಕಂಡು ಆ ಹೈದ ಯಾಕ್ಲಾ ಬರ್ಬೇಕಿತ್ತು? ತಪ್ಪು ಅವುಂದೇ."

ಹತ್ತನೇ ಕ್ಲಾಸಿನ ಇಬ್ಬರು: ಫೈಟು ಕಮ್ಮಿ.

ಬಿಸಿಯೂಟದ ಸಣ್ಣತಾಯಮ್ಮ ಗೋಡೆಗೆ ಒರಗಿ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ತಾವೇ ಹೇಳಿದರು. "ಹೊಡ್ದಿದ್ದು ಹೊಡ್ದ, ಹೆದರ್ಕೆಗೆ ಅನ್ಕಳನ. ಸತ್ತೋನ್ ಮ್ಯಾಲೆ ತಪ್ಪಾಕ್ಬುಟ್ಟು ಒಂಟೋದ್ನಲ್ಲ... ಆ ಹೈದುನ್ ಅವ್ವ ಇನ್ನ ಬದುಕಿರಗಂಟ ಏನಂತ ತಿಳ್ಕಂಡಿರ್ಬೇಕು? ಬರ್ಕಪ್ಪ, ಬರ್ಕ."

ಬರೆದೆ. ಅಕ್ಷರ ಚೆನ್ನಾಗಿಯೇ ಬಂತು.

10 ಫೆಬ್ರವರಿ, ಸೋಮವಾರ

ಇವತ್ತಿಗೆ ಐದು ತಿಂಗಳ ಮೇಲೆ ಒಂದು ದಿನ. ಎಲ್ಲೂ ಬರೆದಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮೂರು ಪುಣಜನೂರು. ನಮ್ಮ ಮುಸುಕಿನ ಜೋಳದ ಹೊಲ. ಕಾಡುಹಂದಿ ಕಾಟ. ಅಪ್ಪನ ಕಾಲದ ಲೈಸೆನ್ಸ್ ಕೋವಿ. ಬೆಳಗ್ಗೆ ಐದೂವರೆ, ಮಂಜು. ಜೋಳ ಅಲ್ಲಾಡಿತು. ಹೊಡೆದೆ. ಹಂದಿಯಲ್ಲ, ಪುಟ್ಟಮಾದು. ಪಕ್ಕದ ಹೊಲದವನು. ಒಂದನೇ ಕ್ಲಾಸಿನಿಂದ ಜೊತೆಗಾರ.

ಪೊಲೀಸರು ಕೇಳಿದರು — ಕೂಗಿದಿರಾ? ಕೂಗಿದೆ ಎಂದೆ. ಎಷ್ಟು ಸಲ? ಮೂರು ಸಲ, ಯಾರದು ಯಾರದು ಅಂತ. ಹೇಳಿಕೆಗೆ ಸೈನು ಹಾಕಿದೆ. ಅಜಾಗರೂಕತೆ ಅಂತ ಕೇಸು, ಅವತ್ತೇ ಬೇಲ್.

ಊರಿನವರು ತಾವೇ ಉಳಿದದ್ದನ್ನು ಸೇರಿಸಿಕೊಂಡರು. ಮೂರು ಸಲ ಕೂಗಿದರೂ ಓ ಅನ್ನಲಿಲ್ಲ ಅಂದರೆ ಕುಡಿದಿದ್ದ. ಇಲ್ಲ, ಜೋಳ ಮುರಿಯೋಕೆ ಬಂದಿದ್ದ. ತಿಥಿಯಲ್ಲಿ ಅವನ ಹೆಂಡತಿ ಕುಮಾರಿಯೇ ಅಂದಳು — "ಬಾಯ್ ಬುಟ್ಟು ಒಂದ್ ಮಾತಾಡಿದ್ರೆ ಉಳ್ಕತಿದ್ದ, ಪಾಪಿ."

ಒಂದು ಸಲವೂ ಕೂಗಿರಲಿಲ್ಲ.

ಬರೆದ ಮೇಲೂ ಏನೂ ಅನಿಸಲಿಲ್ಲ. ಹಲ್ಲುಜ್ಜಿ ಮಲಗುತ್ತೇನೆ.

16 ಫೆಬ್ರವರಿ, ಭಾನುವಾರ

ಹರದನಹಳ್ಳಿಗೆ ಹೋಗಿದ್ದೆ. ಕುಮಾರಿ ಈಗ ತವರಿನಲ್ಲಿದ್ದಾಳೆ. ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮಗಳು ಮೇಘನಾ ಒಳಗೆ ಓದುತ್ತಿದ್ದಳು. ಪಿ.ಯು.ಸಿ. ಪರೀಕ್ಷೆ ಹತ್ತಿರ.

"ಬಾ ನಿಂಗಣ್ಣ, ಕೂತ್ಕೊ." ಅವಳು ನನ್ನನ್ನು ಒಂದು ಸಲವೂ ಬೈದಿರಲಿಲ್ಲ.

ನಿಂತೇ ಹೇಳಿದೆ. "ನಾನು ಕೂಗ್ಲಿಲ್ಲ ಕುಮಾರಿ. ಸುಳ್ಳು ಹೇಳಿದೆ. ಅವನು ಕುಡಿದೂ ಇರಲಿಲ್ಲ."

ಮೊರ ನಿಂತಿತು.

"ದಿನಾ ಬೈಕಂಡಿವ್ನಿ ಕಣಣ್ಣ ಅವ್ರ. ದೀಪ ಹಚ್ಚವಾಗ್ಲೂ ಬೈದಿವ್ನಿ. ಈ ಮಗಿಗೂ ಅದ್ನೇ ಏಳ್ಕೊಟ್ಟಿವ್ನಿ, ನಿಮ್ಮಪ್ಪ ಕುಡ್ದು ಸತ್ತ ಅಂತ."

ಬಾಗಿಲಲ್ಲಿ ಮೇಘನಾ ನಿಂತಿದ್ದಳು. ಯಾವಾಗ ಬಂದಳೋ.

"ಇಲ್ಲಿ ಏಳ್ಬುಟ್ರೆ ಆಯ್ತಾ?" ಎಂದಳು ಕುಮಾರಿ. ದನಿ ಏರಲಿಲ್ಲ. "ಬರೆಸಿದ್ಯಲ್ಲ, ಅಲ್ಲೋಗಿ ಏಳು. ಊರೋರ್ ಕಿವಿಗ್ ಬೀಳ್ಲಿ. ಈಗ ಎದ್ದೋಗು."

ಎದ್ದು ಹೋಗು ಎಂದಳು. ನಾನು ಕೂತೇ ಇರಲಿಲ್ಲ.

17 ಫೆಬ್ರವರಿ

ವಕೀಲ ರಂಗಸ್ವಾಮಿಯವರಿಗೆ ಫೋನ್. "ಹುಚ್ಚಾ ನಿಮ್ಗೆ? ಕೇಸು ನಿಂತಿರೋದೇ ಆ ಕೂಗಿನ ಮೇಲೆ. ಜೈಲಾದ್ರೆ ಕೆಲ್ಸಾನೂ ಹೋಗತ್ತೆ. ಸುಮ್ನಿರಿ."

ವನಿತಾಗೂ ಹೇಳಿದೆ. ಅವಳು ಅಡುಗೆಮನೆಯಲ್ಲಿ ಸ್ಟೌ ಆರಿಸಿದಳು. "ಐದು ತಿಂಗಳು ಪಕ್ಕದಲ್ಲೇ ಮಲ್ಗಿದ್ದೀನಲ್ರೀ..." ಎಂದಳು. ಅಷ್ಟೇ.

3 ಮಾರ್ಚ್

ಅನಿಸಿಕೆಗಳು ಬೋರ್ಡಿನಿಂದ ಇಳಿದಿವೆ. ಹೊಸ ಪಿಕ್ಚರಂತೆ. ಬರೆದುಕೊಡಿ ಎಂದರು ಮೇಷ್ಟ್ರು. ಬೇರೆ ಯಾರನ್ನಾದರೂ ನೋಡಿ ಎಂದೆ. ಇಷ್ಟು ದಿನದಲ್ಲಿ ಮೊದಲ ಸಲ ಒಂದಕ್ಕೆ ಆಗಲ್ಲ ಎಂದದ್ದು.

ವನಿತಾ ಮಾತಾಡುತ್ತಿಲ್ಲ. ಆದರೆ ಹನ್ನೆರಡನೇ ತಾರೀಕು ಕೋರ್ಟಿಗೆ ಹಾಕಿಕೊಳ್ಳಲು ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದಾಳೆ.

12 ಮಾರ್ಚ್, ಬುಧವಾರ. ಮಧ್ಯಾಹ್ನ 2.40. ಚಾಮರಾಜನಗರ ಬಸ್ ಸ್ಟ್ಯಾಂಡ್

ಕೋರ್ಟಿನಲ್ಲಿ ಆರೋಪ ಓದಿದರು. ಒಪ್ಪುತ್ತೀರಾ ಎಂದರು. ಒಪ್ಪುತ್ತೇನೆ ಎಂದೆ. ಕೂಗಲಿಲ್ಲ, ಪೊಲೀಸರಿಗೆ ಕೊಟ್ಟ ಹೇಳಿಕೆ ಸುಳ್ಳು, ಸತ್ತವನದು ಏನೂ ತಪ್ಪಿಲ್ಲ ಎಂದೆ. ಜಡ್ಜ್ ಕನ್ನಡಕ ತೆಗೆದು, ಯಾರಾದರೂ ಬಲವಂತ ಮಾಡಿದ್ದಾರಾ ಎಂದು ಕೇಳಿದರು. ಇಲ್ಲ. ಬರೆಸಿಕೊಂಡರು. ಶಿಕ್ಷೆ ಏನೆಂದು ಹತ್ತೊಂಬತ್ತಕ್ಕೆ ಹೇಳುತ್ತಾರಂತೆ. ರಂಗಸ್ವಾಮಿ ಫೈಲು ಕಂಕುಳಲ್ಲಿಟ್ಟುಕೊಂಡು ಹೊರಟರು.

ಪುಣಜನೂರಿನಿಂದ ಏಳೆಂಟು ಜನ ಬಂದಿದ್ದರು. ಕೇಳಿಸಿಕೊಂಡರು. ಕುಮಾರಿ ಹಿಂದಿನ ಬೆಂಚಿನಲ್ಲಿದ್ದಳು. ನನ್ನ ಕಡೆ ನೋಡದೆ ಹೋದಳು.

ಹಗುರಾಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಕಡಲೆಕಾಯಿ ಮಾರುವವನನ್ನು ನೋಡುತ್ತಾ ಕೂತಿದ್ದೆ. ಗುಂಡ್ಲುಪೇಟೆ ಬಸ್ಸು ಒಂದು ಹೋಯಿತು, ಹತ್ತಲಿಲ್ಲ.

ಆಗ ಮೇಘನಾ ಬಂದಳು. ಒಬ್ಬಳೇ. ಅಮ್ಮ ಆಟೋ ಹತ್ತಿರ ಇದ್ದಾಳೆ, ಐದು ನಿಮಿಷ ಅಂದಳು. ಬೆಂಚಿನ ಆ ತುದಿಗೆ ಕೂತಳು. ಥೇಟ್ ಅವನದೇ ಹಣೆ.

"ದೊಡ್ಡಪ್ಪ, ನೀವು ಹತ್ರ ಹೋದಾಗ ಅಪ್ಪಂಗೆ ಉಸಿರಿತ್ತಾ?"

ಇತ್ತು ಎಂದೆ.

"ಏನಾದ್ರೂ ಅಂದ್ರಾ?"

ಇದನ್ನು ಪೊಲೀಸರು ಕೇಳಿರಲಿಲ್ಲ. ಕುಮಾರಿ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹೇಳಿದೆ. ನನ್ನ ಮುಖ ನೋಡಿ, ಏನೋ ನನಗೇ ಆಗಿದೆ ಅನ್ನುವ ಹಾಗೆ, ನಿಧಾನವಾಗಿ ಅಂದ — "ಹೆದರ್ಕಬೇಡ ಕಣ್ಲಾ ನಿಂಗ, ನಾನು ಕಣ." ಆಮೇಲೆ ನನ್ನ ಕೈಯನ್ನು ಹಿಡಿದುಕೊಂಡ, ಉಸಿರು ನಿಲ್ಲುವವರೆಗೂ ಬಿಡಲಿಲ್ಲ.