ಆಟಿ ಮದ್ದು ಮತ್ತು ಬಿಳಿ ಕಣ

ಮಡಿಕೇರಿ
೬-೮-೧೯೫೯

ಮಗ ಧರ್ಮಪಾಲನಿಗೆ ಅಪ್ಪ ಕೂಸಪ್ಪ ಮನಸಾರೆ ಹರಸಿ ಬರೆಯುವುದು,

ನೀನು ಹೇಗಿದ್ದೀಯ? ಜಬಲ್ಪುರದಲ್ಲಿ ಮಳೆ ಹಿಡಿಯಿತೇ? ಕಳೆದ ಕಾಗದದಲ್ಲಿ ಕಾಲು ಉಳುಕಿದೆ ಎಂದಿದ್ದೆ, ಈಗ ಪೆರೇಡಿಗೆ ಹೋಗುತ್ತಿದ್ದೀಯೋ ಇಲ್ಲವೋ ಬರೆ. ನಾನೂ ನಿನ್ನವ್ವನೂ ಇಲ್ಲಿ ನಿನ್ನ ಸೋದರತ್ತೆಯ ಮನೆಯಲ್ಲಿ ಉಳಿದು ದಿನಾ ಆಸ್ಪತ್ರೆಗೆ ಹೋಗಿ ಬರುತ್ತಿದ್ದೇವೆ. ಚೇರಂಬಾಣೆಯ ಗದ್ದೆಯ ನಾಟಿಯನ್ನು ಭಾವನಿಗೆ ಬಿಟ್ಟಿದ್ದೇನೆ. ಸಾಲು ಸೊಟ್ಟಗಾದರೂ ಈ ವರ್ಷ ನಾನು ಬಾಯಿ ತೆರೆಯುವುದಿಲ್ಲ.

ಸೊಸೆ ಸರೋಜಳ ಜ್ವರ ಬಿಟ್ಟಿದೆ. ಜ್ವರಕ್ಕೆ ನುಂಗಿದ ಮಾತ್ರೆ ಅವಳ ಮೈಗೆ ಒಗ್ಗದೆ ರಕ್ತದ ಬಿಳಿ ಕಣಗಳೆಲ್ಲ ಅಳಿದುಹೋದವು ಎಂದು ಹಿಂದೆಯೇ ಬರೆದಿದ್ದೆನಲ್ಲ. ಡಾಕ್ಟರು ನನಗೆ ಅರ್ಥವಾಗುವ ಹಾಗೆ ಹೇಳಿದರು, ಬೇಲಿ ಬಿದ್ದ ತೋಟ ಇದ್ದ ಹಾಗೆ, ಯಾವ ರೋಗ ಬೇಕಾದರೂ ನುಗ್ಗಬಹುದು ಎಂದು. ಹಾಗಾಗಿ ಅವಳಿಗೆ ಬೇರೆ ಕೋಣೆ, ಹೊರಗಿನ ಊಟವಿಲ್ಲ, ನಾವು ಬಾಗಿಲಲ್ಲೇ ನಿಂತು ಮಾತಾಡಬೇಕು. ಬೆಳಿಗ್ಗೆ ಬೆರಳು ಚುಚ್ಚಿ ರಕ್ತ ತೆಗೆದು, ಗಾಜಿನ ಕೆಳಗಿಟ್ಟು ಎಣಿಸುತ್ತಾರೆ. ಆರೋಗ್ಯವಂತರಿಗೆ ಐದು ಸಾವಿರಕ್ಕೆ ಕಡಿಮೆ ಇರಬಾರದಂತೆ. ಬಂದಾಗ ಇವಳಿಗೆ ಎಂಟುನೂರು. ಆಮೇಲೆ ಸಾವಿರದ ಇನ್ನೂರು, ನಿನ್ನೆ ಸಾವಿರದ ಒಂಬೈನೂರು. ಇಂದಿನ ಲೆಕ್ಕ ಇನ್ನೂ ಬಂದಿಲ್ಲ. ಅದು ಬರುವ ತನಕ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ, ಎಲೆಯಡಿಕೆ ಹಾಕುತ್ತೇನೆ, ಉಗಿಯಲು ಜಾಗವಿಲ್ಲದೆ ಗೇಟಿನ ತನಕ ಹೋಗುತ್ತೇನೆ, ಅಷ್ಟರಲ್ಲಿ ಡಾಕ್ಟರು ಕರೆದರೇನೋ ಎಂದು ಓಡಿ ಬರುತ್ತೇನೆ. ಈ ಕಾಗದವನ್ನೂ ನಾಲ್ಕು ಸಲ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ.

ಮೊನ್ನೆಯ ಕಥೆ ಕೇಳು. ಇದನ್ನು ಯಾರಾದರೂ ನಿನಗೆ ಬೇರೆ ಥರ ಬರೆದಾರು, ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಹೋದರೆ ಡಾಕ್ಟರ ಮುಖ ಬಿಳಿಚಿತ್ತು. ನಮ್ಮ ಸೀಮೆ ಮೈಸೂರಿನೊಂದಿಗೆ ಸೇರಿದ ಮೇಲೆ ವರ್ಗವಾಗಿ ಬಂದವರು, ಚಿತ್ರದುರ್ಗದ ಕಡೆಯವರು, ಈ ಊರಿಗೆ ಬಂದು ಆರು ತಿಂಗಳಾಗಿಲ್ಲ. "ಒಳಗೆ ರಕ್ತ ಸೋರುತ್ತಿದೆ, ಕೂಡಲೇ ಮೈಸೂರಿಗೆ ಸಾಗಿಸಬೇಕು, ಜೀಪಿಗೆ ಹೇಳಿದ್ದೇನೆ" ಎಂದರು. ಕುಶಾಲನಗರದ ಹತ್ತಿರ ಹೊಳೆ ರಸ್ತೆಗೇ ಬಂದಿದೆ ಎಂದು ಬಸ್ಸಿನವರು ಹೇಳುತ್ತಿದ್ದರು, ಆ ದಾರಿಯಲ್ಲಿ ಇವಳನ್ನು ಕುಲುಕಿಸಿಕೊಂಡು ಹೋಗುವುದು ಹೇಗೆ? "ರಕ್ತ ಎಲ್ಲಿಂದ ಹೋಗ್ತಾ ಉಟ್ಟು ಡಾಕ್ಟ್ರೆ?" ಎಂದೆ. ಮೂತ್ರ ಕೆಂಪಗೆ ಹೋಗುತ್ತಿದೆ ಎಂದರು.

ಹಿಂದಿನ ದಿನ ಆಟಿ ತಿಂಗಳ ಹದಿನೆಂಟು, ಊರೆಲ್ಲ ಮದ್ದುಸೊಪ್ಪು ತಿನ್ನುವ ದಿನ. ನಾನು ತಿರುಗಿ ನಿನ್ನವ್ವನ ಮುಖ ನೋಡಿದೆ. ಅವಳು ಮಾಡಿನ ಹಂಚು ನೋಡುತ್ತಿದ್ದಳು.

"ನೀ ಎಂತ ಕೊಟ್ಟದ್?"

"ಒಂದ್ ಚಮಚ ಅಷ್ಟೇ. ಆಟಿ ಮದ್ದ್ ತಿನ್ನದೆ ಮೈಗೆ ಶಕ್ತಿ ಎಲ್ಲಿಂದ ಬರೊಕು? ನಿಮ್ಮ ಡಾಕ್ಟ್ರು ಎಣಿಸಿರೆ ಬಂದದೆಯಾ?"

ಸಂಜೆ ನರ್ಸು ಆಚೆ ಹೋದಾಗ ಮದ್ದುಸೊಪ್ಪಿನ ಪಾಯಸವನ್ನು ಸೆರಗಿನಡಿ ಒಳಗೆ ಒಯ್ದಿದ್ದಳಂತೆ. ತನ್ನ ಅತ್ತೆಗೆ ಬೈಗುಳ ಬೀಳುತ್ತದೆಂದು ಸರೋಜ ಡಾಕ್ಟರ ಮುಂದೆ ತುಟಿ ಬಿಚ್ಚಿರಲಿಲ್ಲ. ಆ ಸೊಪ್ಪು ತಿಂದ ಮರುದಿನ ಇಲ್ಲಿ ಯಾರದ್ದು ಕೆಂಪಗೆ ಹೋಗುವುದಿಲ್ಲ ಹೇಳು, ಆದರೆ ಚಿತ್ರದುರ್ಗದವರಿಗೆ ಅದು ಹೇಗೆ ಗೊತ್ತಾಗಬೇಕು? ಹೇಳಿದರೆ ಅವರು ನಂಬಲಿಲ್ಲ. ನಾನು ಎರಡು ಬಟ್ಟಲು ತಿಂದಿದ್ದೆನಲ್ಲ, ಒಂದು ಸೀಸೆ ಇಸಿದುಕೊಂಡು ಹಿತ್ತಲಿಗೆ ಹೋಗಿ ಬಂದು ಅವರ ಮೇಜಿನ ಮೇಲಿಟ್ಟೆ. ಅದರ ಬಣ್ಣ ನೋಡಿ, "ನಿಮ್ಮನ್ನೂ ಅಡ್ಮಿಟ್ ಮಾಡ್ಕೊಳ್ಲೇನ್ರೀ?" ಎಂದರು. "ಮಾಡೊದಾದರೆ ಇಡೀ ಊರನ್ನೇ ಮಾಡೊಕು" ಎಂದೆ. ಎರಡನ್ನೂ ಗಾಜಿನ ಕೆಳಗೆ ನೋಡಿದರು. ರಕ್ತವಿರಲಿಲ್ಲ. ಜೀಪನ್ನು ವಾಪಸು ಕಳಿಸಿದರು. ಆಮೇಲೆ ನಿನ್ನವ್ವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಸರೋಜ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ವಾರವಾಗಿತ್ತೋ.

ರಜೆ ಈಗ ಹಾಕಲೇ, ಕೊಯ್ಲಿನ ಹುತ್ತರಿ ಹಬ್ಬಕ್ಕೆ ಹಾಕಲೇ ಎಂದು ನೀನು ಕೇಳಿದ್ದೆ. ವರ್ಷಕ್ಕೆ ಒಂದೇ ರಜೆ ಕೊಡುವವರು, ನೋಡಿ ಹಾಕಬೇಕು. ಸರೋಜ ಹುತ್ತರಿಗೇ ಬರಲಿ ಎನ್ನುತ್ತಾಳೆ. ಅಷ್ಟು ಹೊತ್ತಿಗೆ ತಾನೇ ಕದಿರು ಹೊತ್ತು ತರುವಷ್ಟು ಗಟ್ಟಿಯಾಗಿರುತ್ತಾಳಂತೆ. ಅವಳು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಅತ್ತೆಯ ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ. ಚಳಿಗೆ ಎದೆ ಮುಚ್ಚಿಕೊಂಡು ಮಲಗು. ಇಗ್ಗುತಪ್ಪ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ಕೂಸಪ್ಪ

ಮರೆತ ಮಾತು: ಇಲ್ಲಿಯ ತನಕ ಬರೆದದ್ದನ್ನು ಸರೋಜಳಿಗೆ ಬಾಗಿಲಲ್ಲಿ ನಿಂತು ಓದಿ ಹೇಳಿ ಬಂದೆ. ಇದನ್ನು ಅಂಚೆಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಟಪಾಲು ಕಟ್ಟುತ್ತಿದ್ದಾರೆ. ಹೊರಡುವಾಗ ಡಾಕ್ಟರು ಕರೆದರು. ಇಂದಿನ ಲೆಕ್ಕ ಒಂಬೈನೂರಕ್ಕೆ ಇಳಿದಿದೆ, ಸಂಜೆಯ ಹೊತ್ತಿಗೆ ಜ್ವರ ಮರುಕಳಿಸಬಹುದಂತೆ. ಸೊಪ್ಪಿನಿಂದಲ್ಲ ಎಂದು ಅವರೇ ಹೇಳಿದರು, ಆದರೂ ನಿನ್ನವ್ವನಿಗೆ ತಿಳಿಸಿಲ್ಲ. "ಇವತ್ತ್ ಎಷ್ಟ್ ಮಾವ?" ಎಂದು ಅವಳ ಬಾಗಿಲ ಮುಂದೆ ಹಾದು ಬರುವಾಗ ಸರೋಜ ಕೇಳಿದಳು. ಗಾಜು ಸರಿಯಿರಲಿಲ್ಲ, ನಾಳೆ ಎಣಿಸುತ್ತಾರೆ ಎಂದುಬಿಟ್ಟೆ. ಹುತ್ತರಿಯ ಮಾತು ಅವಳದು, ನನ್ನದಲ್ಲ. ಈ ಕಾಗದ ತೋರಿಸಿ ರಜೆ ಕೇಳು, ಸಿಕ್ಕಿದ ರೈಲಿಗೆ ಹೊರಡು.